ಕಲ್ಲಿನ ಹಲಗೆಯೂ ಹೃದಯದ ಹಲಗೆಯೂ

(ಪ್ರಸಂಗ)

ಓದತಕ್ಕ ವೇದಭಾಗಗಳು: ರೋಮಾಪುರದವರಿಗೆ 13ನೆಯ ಅಧ್ಯಾಯ 1ರಿಂದ 7ನೆಯ ವಚನಗಳು, 1 ಸಮುವೇಲ 12ನೆಯ ಅಧ್ಯಾಯ 1ರಿಂದ 5ನೆಯ ವಚನಗಳು, 2 ಕೊರಿಂಥದವರಿಗೆ 3ನೆಯ ಅಧ್ಯಾಯ 3ನೆಯ ವಚನ.



ರಾಮನಗರದಿಂದ ಚನ್ನಪಟ್ಟಣಕ್ಕೆ ಹಳೆಯ ಮೈಸೂರು ರಸ್ತೆಯಲ್ಲಿ ಹೋಗುವವರು ದಾರಿಯಲ್ಲಿ ಕೆಂಗಲ್ ಎಂಬ ಸ್ಥಳವನ್ನು ದಾಟಿ ಹೋಗುತ್ತಾರೆ. ಅಲ್ಲಿ ಆಂಜನೇಯನ ಗುಡಿಯೊಂದುಂಟು. ನಮ್ಮ ನೆರೆಯವರು ಬಸ್ಸಿನೊಳಗಿಂದಲೇ ಆ ಕಡೆಗೆ ಕೈಮುಗಿಯುವುದನ್ನು ನೀವೆಲ್ಲರೂ ಕಂಡಿದ್ದೀರಿ. ಆ ಸ್ಥಳದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು, ಈ ಸೀಮೆಯ ಒಂದು ಹಳ್ಳಿಯಿಂದ ಹೊರಟು, ವಕೀಲರಾಗಿ, ದೇಶಸೇವಕರಾಗಿ, ಕಡೆಗೆ ರಾಜ್ಯದ ಮುಖ್ಯಮಂತ್ರಿಗಳಾದವರು ಕೆಂಗಲ್ ಹನುಮಂತಯ್ಯನವರು. ಅವರು ನಮ್ಮ ಮತದವರಲ್ಲ. ಆ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದವರೂ ಅವರೇ. ಹೀಗಿರಲಾಗಿ, ಸಭೆಯವರಿಗಾಗಿ ಬರೆಯುವ ಪ್ರಸಂಗದಲ್ಲಿ ಅವರ ಜೀವಿತದ ಪ್ರಸ್ತಾಪವೇಕೆ ಎಂದು ಯಾರಾದರೂ ಕೇಳಬಹುದು.

ಅದಕ್ಕೆ ಸತ್ಯವೇದವೇ ಉತ್ತರ ಕೊಡುತ್ತದೆ. ಪಾರಸಿಯರ ಅರಸನಾದ ಕೋರೆಷನು ಇಸ್ರಾಯೇಲ್ಯರ ದೇವರನ್ನು ಅರಿತವನಾಗಿರಲಿಲ್ಲ. ಆದರೂ ದೇವರು ಅವನ ಕೈಹಿಡಿದು ನಡಿಸಿ, ತನ್ನ ಜನರ ಬಿಡುಗಡೆಗಾಗಿ ಅವನನ್ನು ಉಪಯೋಗಿಸಿದನೆಂದು ಪ್ರವಾದಿಯಾದ ಯೆಶಾಯನು 45ನೆಯ ಅಧ್ಯಾಯದಲ್ಲಿ ತಿಳಿಸುತ್ತಾನೆ. ದೇವರ ಕೈ ನಮ್ಮ ಗುಡಿಯ ಗೋಡೆಗಳೊಳಗೆ ಮಾತ್ರವೇ ಕೆಲಸಮಾಡುತ್ತದೆಂದು ಭಾವಿಸುವವನು ದೇವರನ್ನು ಚಿಕ್ಕವನನ್ನಾಗಿ ಮಾಡುತ್ತಾನೆ. ಇದಲ್ಲದೆ ಹನುಮಂತಯ್ಯನವರ ಕಾಲದಲ್ಲಿ ಬೆಂಗಳೂರಿನಲ್ಲಿ ಎದ್ದ ವಿಧಾನಸೌಧದ ಮುಂಭಾಗದಲ್ಲಿ ಒಂದು ವಾಕ್ಯವು ಬರೆಯಲ್ಪಟ್ಟಿದೆ. ಸರ್ಕಾರದ ಕೆಲಸ ದೇವರ ಕೆಲಸ ಎಂಬುದೇ ಆ ವಾಕ್ಯ. ಇದನ್ನು ಓದುವ ಕ್ರೈಸ್ತನಿಗೆ ಪೌಲನು ರೋಮಾಪುರದ ಸಭೆಗೆ ಬರೆದ ಮಾತು ನೆನಪಿಗೆ ಬಾರದೆ ಇರದು. ಆದಕಾರಣ ಈ ತಿಂಗಳು ಆ ಮನುಷ್ಯರ ಜೀವಿತವನ್ನೂ ಆ ಬರಹವನ್ನೂ ದೇವರ ವಾಕ್ಯದ ಬೆಳಕಿನಲ್ಲಿ ಸ್ವಲ್ಪ ಆಲೋಚಿಸೋಣ.

ಹನುಮಂತಯ್ಯನವರು 1908ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲಿಗರ ಮನೆಯಲ್ಲಿ ಹುಟ್ಟಿದರು. ಆಗ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಕನಕಪುರವನ್ನು ಕಾನಕಾನಹಳ್ಳಿ ಎನ್ನುತ್ತಿದ್ದರು. ಮಳೆಯನ್ನು ನಂಬಿ ರಾಗಿ ಬಿತ್ತುವ ಈ ಸೀಮೆಯಿಂದ ಅವರು ಮೈಸೂರಿನ ಮಹಾರಾಜಾ ಕಾಲೇಜಿಗೆ ಹೋಗಿ ಓದಿದರು. ತರುವಾಯ ಪುಣೆಗೆ ಹೋಗಿ ಕಾನೂನಿನ ವಿದ್ಯೆಯನ್ನು ಕಲಿತು 1932ರಲ್ಲಿ ಪದವಿಯನ್ನು ಪಡೆದು ವಕೀಲರಾದರು. ಆ ಕಾಲದಲ್ಲಿ ಹಳ್ಳಿಯ ಹುಡುಗನೊಬ್ಬನು ವಕೀಲನಾದರೆ ಅವನ ಮನೆಯವರ ಕಷ್ಟವು ತೀರಿತೆಂದೇ ಎಲ್ಲರೂ ಎಣಿಸುತ್ತಿದ್ದರು. ಆದರೆ ಅವರು ಸ್ವಾತಂತ್ರ್ಯದ ಚಳುವಳಿಗೆ ಸೇರಿ ಹಲವು ಸಾರಿ ಸೆರೆಮನೆಯನ್ನು ಕಂಡರು. ದೇಶವು ಸ್ವತಂತ್ರವಾದ ಮೇಲೆ ಮೈಸೂರು ಸಂಸ್ಥಾನದ ಕಡೆಯಿಂದ ದೆಹಲಿಯ ಸಂವಿಧಾನ ಸಭೆಗೆ ಹೋದ ಸದಸ್ಯರಲ್ಲಿ ಅವರೂ ಒಬ್ಬರಾಗಿದ್ದರು. 1949ನೆಯ ಇಸವಿ ನವೆಂಬರ್ 26ರಂದು ಆ ಸಭೆಯು ಅಂಗೀಕರಿಸಿದ ಸಂವಿಧಾನದ 25ನೆಯ ವಿಧಿಯಲ್ಲಿ ತನ್ನ ಮತವನ್ನು ನಂಬುವದಕ್ಕೂ ಆಚರಿಸುವದಕ್ಕೂ ಪ್ರಚಾರಮಾಡುವದಕ್ಕೂ ಪ್ರತಿಯೊಬ್ಬನಿಗೂ ಹಕ್ಕುಂಟೆಂದು ಬರೆಯಲ್ಪಟ್ಟಿದೆ. ನಾವು ಭಾನುವಾರ ಗಂಟೆ ಬಾರಿಸಿ ಆರಾಧನೆಗೆ ಕೂಡಿಬರುವುದು ಆ ಪುಸ್ತಕದ ನೆರಳಿನಲ್ಲಿಯೇ. ನಮ್ಮ ಮತದವರಲ್ಲದವರೇ ಬಹುಮಂದಿ ಸೇರಿ ನಮಗೆ ಈ ನೆರಳನ್ನು ಕೊಟ್ಟರೆಂಬುದನ್ನು ನಾವು ಮರೆಯಬಾರದು.

1952ನೆಯ ಇಸವಿಯಲ್ಲಿ ಹೊಸ ಸಂವಿಧಾನದ ಮೇರೆಗೆ ಮೊದಲನೆಯ ಚುನಾವಣೆ ನಡೆಯಿತು. ಹನುಮಂತಯ್ಯನವರು ರಾಮನಗರದಿಂದ ಆರಿಸಲ್ಪಟ್ಟು, ಮಾರ್ಚ್ 30ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಕುಮಾರವ್ಯಾಸನ ಭಾರತವನ್ನು ಸರ್ಕಾರದಿಂದ ಅಚ್ಚುಮಾಡಿಸಿ ಎರಡೇ ರೂಪಾಯಿಗೆ ಬಡವರ ಮನೆಗೆ ಮುಟ್ಟಿಸಿದ್ದನ್ನು ಹಿರಿಯರು ಇಂದಿಗೂ ನೆನಸುತ್ತಾರೆ. ಸುವಾರ್ತೆಯ ಚಿಕ್ಕ ಪುಸ್ತಕಗಳನ್ನು ಸಂತೆಯಲ್ಲಿ ಅಲ್ಪ ಬೆಲೆಗೆ ಮಾರಿದ ನಮ್ಮ ಹಿರಿಯರ ವಂಶದವರಾದ ನಾವು ಅಂಥ ಕೆಲಸದ ಬೆಲೆಯನ್ನು ಬಲ್ಲೆವು.

ಈಗ ವಿಧಾನಸೌಧದ ಸಂಗತಿಗೆ ಬರೋಣ. ಅದರ ಅಸ್ತಿವಾರದ ಕಲ್ಲನ್ನು 1951ನೆಯ ಇಸವಿ ಜುಲೈ 13ರಂದು ಪ್ರಧಾನಮಂತ್ರಿಗಳಾದ ಜವಾಹರಲಾಲ್ ನೆಹರೂರವರು ಇಟ್ಟಿದ್ದರು. ಆಗ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳು, ಅವರ ಕಾಲದ ನಕ್ಷೆಯು ಸಾಧಾರಣವಾದ ಕಟ್ಟಡದ್ದಾಗಿತ್ತು. ಹನುಮಂತಯ್ಯನವರು ಅಧಿಕಾರಕ್ಕೆ ಬಂದ ಮೇಲೆ ಆ ನಕ್ಷೆಯನ್ನು ಬದಲಾಯಿಸಿ, ನಮ್ಮ ನಾಡಿನ ಹಳೆಯ ಶಿಲ್ಪದ ರೀತಿಯಲ್ಲಿ ದೊಡ್ಡ ಸೌಧವನ್ನು ಎಬ್ಬಿಸಬೇಕೆಂದು ನಿಶ್ಚಯಿಸಿದರು. ಇಂಜಿನಿಯರಾದ ಬಿ. ಆರ್. ಮಾಣಿಕ್ಯಂರವರು ಕೆಲಸವನ್ನು ನಡಿಸಿದರು. ಸಾವಿರಾರು ಮಂದಿ ಕಲ್ಲುಕುಟಿಗರೂ ಕೂಲಿಯವರೂ, ಅವರ ಸಂಗಡ ಸೆರೆಮನೆಯ ಕೈದಿಗಳೂ ಅಲ್ಲಿ ದುಡಿದರು. ನಮ್ಮ ಮಾಗಡಿಯ ಗುಲಾಬಿ ಬಣ್ಣದ ಕಲ್ಲು ಸಹ ಅದರ ಅಲಂಕಾರಕ್ಕೆ ಹೋಯಿತು. ಮುಂಭಾಗದಲ್ಲಿ ನಾಲ್ವತ್ತು ಅಡಿ ಎತ್ತರದ ಹನ್ನೆರಡು ಕಂಬಗಳು ನಿಂತಿವೆ; ಅವುಗಳ ಮೇಲೆ ನಾನು ಹೇಳಿದ ಆ ಬರಹವುಂಟು.

ಪ್ರಿಯರೇ, ಆ ಬರಹದಿಂದ ನಾವು ಮೂರು ಸಂಗತಿಗಳನ್ನು ಕಲಿಯೋಣ.

ಮೊದಲನೆಯದಾಗಿ, ಅಧಿಕಾರವು ಒಂದು ಊಳಿಗವಾಗಿದೆ.

ಪೌಲನು ಅಧಿಕಾರಿಯನ್ನು ದೇವರೆಂದು ಹೇಳಲಿಲ್ಲ, ದೇವರ ಸೇವಕನೆಂದು ಹೇಳಿದನು. ಈ ಎರಡು ಮಾತುಗಳ ನಡುವೆ ಆಕಾಶ ಭೂಮಿಗಳಷ್ಟು ಅಂತರವಿದೆ. ಪೌಲನ ಕಾಲದ ರೋಮಾಪುರದ ಚಕ್ರವರ್ತಿಗಳು ತಮಗೆ ಧೂಪ ಹಾಕಬೇಕೆಂದು ಅಪೇಕ್ಷಿಸುತ್ತಿದ್ದರು. ನಿನ್ನ ಕೈಯಲ್ಲಿರುವ ಕತ್ತಿಯು ನಿನ್ನದಲ್ಲ, ಮೇಲಿನವನು ಒಪ್ಪಿಸಿದ್ದು ಎಂದು ಅಪೊಸ್ತಲನು ಅವರಿಗೂ ಕೇಳಿಸುವಂತೆ ಬರೆದನು. ಆದಕಾರಣ ಸರ್ಕಾರದ ಕೆಲಸವು ದೇವರ ಕೆಲಸವಾಗಿದ್ದರೆ, ಅದನ್ನು ಮಾಡುವವನು ಒಡೆಯನಲ್ಲ, ಆಳು. ಆಳು ಒಡೆಯನ ಹೊಲದಲ್ಲಿ ಉಳುತ್ತಾನೆ. ಬೆಳೆಯನ್ನು ಒಡೆಯನ ಕಣಕ್ಕೆ ಹೊತ್ತು ತರುತ್ತಾನೆ. ಅಧಿಕಾರವನ್ನು ಸ್ವಂತ ಹೊಲವೆಂದು ಎಣಿಸುವವನನ್ನು ಕುರಿತೇ ನಮ್ಮ ಜನರು ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಗಾದೆ ಕಟ್ಟಿದ್ದಾರೆ.

ಹಾಗೆಯೇ, ಮನುಷ್ಯನ ಆಜ್ಞೆಯು ದೇವರ ಆಜ್ಞೆಗೆ ವಿರೋಧವಾಗಿ ನಿಂತಾಗ ಯಾವುದನ್ನು ಕೇಳಬೇಕೆಂಬುದನ್ನು ಪೇತ್ರನೂ ಯೋಹಾನನೂ ಯೆಹೂದ್ಯರ ಹಿರೀಸಭೆಯ ಮುಂದೆ ಸ್ಪಷ್ಟವಾಗಿ ತೋರಿಸಿದರು. ಸರ್ಕಾರದ ಕೆಲಸವು ದೇವರ ಕೆಲಸವೆಂಬುದು ಸರ್ಕಾರವು ಮಾಡಿದ್ದೆಲ್ಲವೂ ಸರಿಯೆಂಬ ಮಾತಲ್ಲ. ಅದು ಅಧಿಕಾರಿಗೆ ಹೊಗಳಿಕೆಯಲ್ಲ, ಎಚ್ಚರಿಕೆ. ಆ ಹನ್ನೆರಡು ಕಂಬಗಳ ನಡುವೆ ಒಳಗೆ ಹೋಗುವ ಪ್ರತಿಯೊಬ್ಬನ ತಲೆಯ ಮೇಲೆ ಆ ಬರಹವು ತೂಗುತ್ತಿರುತ್ತದೆ.

ಎರಡನೆಯದಾಗಿ, ಊಳಿಗದವನು ಲೆಕ್ಕ ಕೊಡತಕ್ಕವನಾಗಿದ್ದಾನೆ.

ಸಮುವೇಲನು ಮುದುಕನಾಗಿ ಅಧಿಕಾರವನ್ನು ಬಿಟ್ಟುಕೊಡುವಾಗ ಜನರೆಲ್ಲರನ್ನು ಕೂಡಿಸಿ ಅವರ ಮುಂದೆ ನಿಂತನು. ನಾನು ಯಾರ ಎತ್ತನ್ನು ಹೊಡಕೊಂಡು ಹೋದೆನು, ಯಾರ ಕತ್ತೆಯನ್ನು ತಕ್ಕೊಂಡೆನು, ಯಾರಿಂದ ಲಂಚವನ್ನು ತಿಂದು ಕಣ್ಣು ಮುಚ್ಚಿಕೊಂಡೆನು, ಇದ್ದರೆ ಹೇಳಿರಿ, ಹಿಂದಕ್ಕೆ ಕೊಡುತ್ತೇನೆ ಎಂಬ ಅರ್ಥದಲ್ಲಿ ಅವನು ಕೇಳಿದನು. ಅಧಿಕಾರದಿಂದ ಇಳಿಯುವ ಮನುಷ್ಯನು ತಾನಾಗಿಯೇ ತನ್ನ ಲೆಕ್ಕದ ಪುಸ್ತಕವನ್ನು ಬಿಚ್ಚಿಟ್ಟದ್ದು ಎಷ್ಟು ದೊಡ್ಡ ಸಂಗತಿ!

ವಿಧಾನಸೌಧಕ್ಕೆ ಸುಮಾರು ಒಂದು ಮುಕ್ಕಾಲು ಕೋಟಿ ರೂಪಾಯಿ ವೆಚ್ಚವಾಯಿತು. ಇಂದಿನ ಲೆಕ್ಕದಲ್ಲಿ ಅದು ದೊಡ್ಡ ಮೊತ್ತವಾಗಿ ಕಾಣದಿರಬಹುದು. ಆ ಕಾಲದಲ್ಲಿ ಬಹು ದೊಡ್ಡದಾಗಿತ್ತು. ಬಡ ರಾಜ್ಯಕ್ಕೆ ಇಷ್ಟು ವೈಭವವು ಬೇಕೇ ಎಂದು ಅನೇಕರು ಕೇಳಿದರು. ವೆಚ್ಚದ ವಿಷಯದಲ್ಲಿ ವಿಚಾರಣೆಯೂ ನಡೆಯಿತು. ಹನುಮಂತಯ್ಯನವರನ್ನು ತಪ್ಪಿಲ್ಲದವರೆಂದು ಹೇಳುವದು ನನ್ನ ಉದ್ದೇಶವಲ್ಲ; ತಪ್ಪಿಲ್ಲದವನು ಒಬ್ಬನೇ, ಆತನು ನಮ್ಮ ಕರ್ತನಾದ ಯೇಸು ಕ್ರಿಸ್ತನು. ಆದರೆ ಜನರು ಕೇಳಿದ್ದು ತಪ್ಪಲ್ಲ. ದೇವರ ಕೆಲಸವೆಂದು ಕಲ್ಲಿನ ಮೇಲೆ ಬರೆಯಿಸಿದವರನ್ನು ಲೆಕ್ಕ ಕೇಳುವ ಹಕ್ಕು ಜನರಿಗೆ ಇನ್ನೂ ಹೆಚ್ಚಾಗಿ ಉಂಟು.

ಇಲ್ಲಿ ಇನ್ನೊಬ್ಬ ವಕೀಲರ ಸಂಗತಿಯನ್ನು ಹೇಳುತ್ತೇನೆ. ನಿಮ್ಮ ಮಕ್ಕಳು ಶಾಲೆಯ ಪುಸ್ತಕಗಳಲ್ಲಿ ಅವರ ಹೆಸರನ್ನು ಓದಿರಬಹುದು. ಅಮೇರಿಕಾ ದೇಶದ ಅಬ್ರಹಾಂ ಲಿಂಕನ್ನರು ಹನುಮಂತಯ್ಯನವರಿಗಿಂತ ತೊಂಬತ್ತೊಂಬತ್ತು ವರ್ಷಗಳ ಮುಂಚೆ, 1809ನೆಯ ಇಸವಿಯ ಅದೇ ಫೆಬ್ರವರಿ ತಿಂಗಳಲ್ಲಿ, ಕೆಂಟಕಿ ಸೀಮೆಯ ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದರು. ಒಂಬತ್ತು ವರ್ಷದವರಾಗಿದ್ದಾಗ ತಾಯಿ ತೀರಿಕೊಂಡಳು. ಶಾಲೆಗೆ ಹೋದ ದಿನಗಳನ್ನೆಲ್ಲಾ ಕೂಡಿಸಿದರೂ ಒಂದು ವರ್ಷವಾಗದು. ಯೌವನದಲ್ಲಿ ಪಾಲುಗಾರನೊಬ್ಬನೊಡನೆ ಹಳ್ಳಿಯಲ್ಲಿ ಅಂಗಡಿಯನ್ನಿಟ್ಟರು. ಅಂಗಡಿ ಮುಳುಗಿತು, ಪಾಲುಗಾರನು ಸತ್ತನು, ಸಾಲವೆಲ್ಲಾ ಅವರ ತಲೆಯ ಮೇಲೆ ಬಿತ್ತು. ಅಂಥ ಸಮಯದಲ್ಲಿ ರಾತ್ರೋರಾತ್ರಿ ಊರು ಬಿಟ್ಟು ಹೋಗುವವರು ಬಹುಮಂದಿ. ಲಿಂಕನ್ನರು ಊರು ಬಿಡಲಿಲ್ಲ. ಅನೇಕ ವರ್ಷಗಳ ವರೆಗೆ ದುಡಿದು ಸಾಲವನ್ನು ತೀರಿಸಿದರು. ಪುಸ್ತಕಗಳನ್ನು ಬೇಡಿ ತಂದು ತಾವಾಗಿಯೇ ಕಾನೂನನ್ನು ಓದಿ 1836ರಲ್ಲಿ ವಕೀಲಿಗೆ ಅಪ್ಪಣೆಯನ್ನು ಪಡೆದು, ಕುದುರೆಯ ಮೇಲೆ ಊರಿಂದೂರಿಗೆ ಹೋಗಿ ಬಡವರ ವ್ಯಾಜ್ಯಗಳನ್ನೂ ನಡಿಸಿದರು. 1861ರಲ್ಲಿ ಆ ದೇಶದ ಅಧ್ಯಕ್ಷರಾದರು. ಚಿಕ್ಕ ಅಂಗಡಿಯ ಲೆಕ್ಕದಲ್ಲಿ ನಂಬಿಗಸ್ತನಾಗಿದ್ದವನ ಕೈಗೆ ದೇವರು ದೊಡ್ಡ ದೇಶದ ಲೆಕ್ಕವನ್ನು ಒಪ್ಪಿಸಿದನು. ಸ್ವಲ್ಪದರಲ್ಲಿ ನಂಬಿಗಸ್ತನಾದವನನ್ನು ಕುರಿತು ನಮ್ಮ ಸ್ವಾಮಿಯು ಹೇಳಿದ ಸಾಮ್ಯಗಳನ್ನು ಇಲ್ಲಿ ನೆನಸಿಕೊಳ್ಳಿರಿ.

ಈಗ ನನ್ನ ಸ್ವಂತ ಸಂಗತಿಯನ್ನು ನಾಚಿಕೆಯಿಂದ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಸಮಾಧಿ ಭೂಮಿಯ ಕಾಗದಕ್ಕಾಗಿ ನಾನು ಒಂದು ಕಚೇರಿಗೆ ಅಲೆಯಬೇಕಾಯಿತು. ಇಂದು ಬಾ, ನಾಳೆ ಬಾ ಎಂದು ಅಲ್ಲಿನ ಗುಮಾಸ್ತನು ಐದು ಸಾರಿ ತಿರುಗಿಸಿದನು. ಕೈ ಬೆಚ್ಚಗೆ ಮಾಡಿದರೆ ಕಾಗದವು ತಾನಾಗಿಯೇ ನಡೆದು ಬರುತ್ತದೆಂದು ಬಾಗಲಲ್ಲಿ ನಿಂತವನೊಬ್ಬನು ಬುದ್ಧಿ ಹೇಳಿದನು. ನಾನು ಕೊಡಲಿಲ್ಲ; ಆದರೆ ಕೋಪದಿಂದ ತುಂಬಿ ಊರಿಗೆ ಹಿಂದಿರುಗಿದೆನು. ಆ ರಾತ್ರಿ ಪ್ರಾರ್ಥನಾ ಕೂಟದಲ್ಲಿ ವಿಧಾನಸೌಧದ ಮೇಲಿನ ಆ ವಾಕ್ಯವನ್ನೇ ಎತ್ತಿಕೊಂಡು, ಇದೇನು ದೇವರ ಕೆಲಸವೇ, ಬರೆದವರಿಗೆ ನಾಚಿಕೆಯಾಗಬಾರದೇ ಎಂದು ಅರ್ಧ ಗಂಟೆ ಮಾತಾಡಿದೆನು. ಎಲ್ಲರೂ ತಲೆದೂಗಿದರು. ಆಗ ಹಿಂದಿನ ಚಾಪೆಯ ಮೇಲೆ ಕೂತಿದ್ದ ನಮ್ಮ ಸಭೆಯ ಮುದುಕಿಯೊಬ್ಬಳು ಬಾಯಿಬಿಟ್ಟಳು.

“ಅಯ್ಯನವರೇ, ನೀವು ಹೇಳಿದ್ದೆಲ್ಲಾ ನಿಜ. ಹೋದ ಸುಗ್ಗಿ ಹಬ್ಬಕ್ಕೆ ನಾನು ಎರಡು ಸೇರು ರಾಗಿ, ಒಂದು ಹುಂಜ ತಂದಿದ್ದೆ. ಹರಾಜಿನಲ್ಲಿ ಏನು ಬಂತು, ಅದು ಎಲ್ಲಿಗೆ ಹೋಯಿತು ಅಂತ ನೀವು ಇನ್ನೂ ಓದಿ ಹೇಳಲಿಲ್ಲವಲ್ಲಾ?”

“ಹೇಳುತ್ತೇನೆ ಅಜ್ಜಮ್ಮಾ, ಮುಂದಿನ ಭಾನುವಾರ ಹೇಳುತ್ತೇನೆ” ಎಂದೆನು.

“ಆ ಗುಮಾಸ್ತನೂ ಹಾಗೇ ತಾನೇ ಅಂದದ್ದು?” ಎಂದಳು.

ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಆ ಹಣವನ್ನು ಕದ್ದಿರಲಿಲ್ಲ, ದೇವರು ಬಲ್ಲನು. ಆದರೆ ಬರೆದಿಟ್ಟಿರಲಿಲ್ಲ. ಮಗಳ ಶಾಲೆಯ ಶುಲ್ಕದ ಹಣವೂ ಸಭೆಯ ಹಣವೂ ಒಂದೇ ಪೆಟ್ಟಿಗೆಯಲ್ಲಿ ಬೆರೆತುಹೋಗಿದ್ದವು. ಆ ವಾರ ನಾಲ್ಕು ರಾತ್ರಿ ದೀಪ ಹಚ್ಚಿ ಕೂತು ಲೆಕ್ಕ ಬರೆದೆನು. ಏಳುನೂರು ರೂಪಾಯಿ ಕಡಿಮೆ ಬಂತು. ಅದನ್ನು ನನ್ನ ಸಂಬಳದಿಂದ ಹಾಕಿ, ಭಾನುವಾರ ಸಭೆಯ ಮುಂದೆ ನಿಂತು ಎಲ್ಲವನ್ನೂ ಓದಿ, ಕಡಿಮೆ ಬಂದದ್ದನ್ನೂ ಹೇಳಿದೆನು. ಸೇವೆಗೆ ನಿಂತು ಇಷ್ಟು ವರ್ಷಗಳಾದ ಮೇಲೂ ನನ್ನ ಕಾಲುಗಳು ಆ ಹೊತ್ತಿನಲ್ಲಿ ನಡುಗಿದ ಹಾಗೆ ಎಂದೂ ನಡುಗಲಿಲ್ಲ. ಕೂಟವು ಮುಗಿದ ಮೇಲೆ ಆ ಅಜ್ಜಮ್ಮನು ನನ್ನ ಬಳಿಗೆ ಬಂದು ಏನೂ ಹೇಳದೆ ನನ್ನ ಕೈಯನ್ನು ಹಿಡಿದಳು.

ಪ್ರಿಯರೇ, ದೊಡ್ಡವರ ಕಚೇರಿಯ ಮೇಲಿರುವ ಬರಹವನ್ನು ಓದುವದು ಸುಲಭ. ನಮ್ಮ ಪೆಟ್ಟಿಗೆಯ ಮುಚ್ಚಳದ ಮೇಲೂ ಅದೇ ಬರಹವಿದೆಯೆಂದು ಕಾಣುವದು ಕಷ್ಟ.

ಮೂರನೆಯದಾಗಿ, ಊಳಿಗದವನು ಪೀಠಕ್ಕೆ ಅಂಟಿಕೊಳ್ಳತಕ್ಕವನಲ್ಲ.

ಆ ಕಾಲದಲ್ಲಿ ಕನ್ನಡವನ್ನಾಡುವ ಜನರು ಒಂದೇ ಆಡಳಿತದ ಕೆಳಗೆ ಇರಲಿಲ್ಲ. ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹಂಚಿಹೋಗಿದ್ದರು. ರಾಜ್ಯಗಳನ್ನು ಮರುವಿಂಗಡಿಸುವ ಆಯೋಗವು 1953ರಲ್ಲಿ ನೇಮಿಸಲ್ಪಟ್ಟು 1955ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಎಲ್ಲಾ ಕನ್ನಡಿಗರು ಒಂದಾಗಬೇಕೆಂಬ ಆಶೆಯು ಬಡಗಣ ಸೀಮೆಯಲ್ಲಿ ಬಲವಾಗಿತ್ತು. ಆದರೆ ಹಳೆಯ ಮೈಸೂರಿನಲ್ಲಿ ಅನೇಕರಿಗೆ ಅದು ಬೇಡವಾಗಿತ್ತು. ನಮ್ಮ ರಾಜ್ಯವು ಸುಸ್ಥಿತಿಯಲ್ಲಿದೆ, ಹಿಂದುಳಿದ ಸೀಮೆಗಳ ಭಾರವನ್ನು ನಾವೇಕೆ ಹೊರಬೇಕು ಎಂದು ಕೆಲವರು. ದೊಡ್ಡ ರಾಜ್ಯವಾದರೆ ನಮ್ಮ ಜಾತಿಯ ಕೈ ಕೆಳಗಾಗುತ್ತದೆ ಎಂದು ಕೆಲವರು. ಹನುಮಂತಯ್ಯನವರ ಸ್ವಂತ ಜನಾಂಗದವರಲ್ಲಿಯೂ ಈ ಭಯವು ಬಹಳವಾಗಿತ್ತು. ತಮ್ಮವರ ಮಾತಿಗೆ ತಲೆಬಾಗಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಆದರೆ ಅವರು ಏಕೀಕರಣದ ಪಕ್ಷದಲ್ಲಿ ನಿಂತರು. ಪಕ್ಷದೊಳಗಿನ ಭಿನ್ನಾಭಿಪ್ರಾಯಗಳು ಬೆಳೆದು, 1956ನೆಯ ಇಸವಿ ಆಗಸ್ಟ್ 19ರಂದು ಅವರ ಮುಖ್ಯಮಂತ್ರಿ ಪದವಿಯು ಕೊನೆಗೊಂಡಿತು. ಏಕೀಕರಣಕ್ಕೆ ಬೆಂಬಲ ಕೊಟ್ಟದ್ದೂ ಅದಕ್ಕೆ ಒಂದು ಕಾರಣವೆಂದು ಹೇಳುವವರುಂಟು.

ವಿಧಾನಸೌಧದ ಕೆಲಸವು ಅದೇ ವರ್ಷದಲ್ಲಿ ಮುಗಿಯಿತು. ನವೆಂಬರ್ 1ರಂದು ಕನ್ನಡ ಸೀಮೆಗಳು ಕೂಡಿ ದೊಡ್ಡ ಮೈಸೂರು ರಾಜ್ಯವು ಹುಟ್ಟಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಆದರೆ ಆ ದಿನ ಮುಖ್ಯಮಂತ್ರಿಯ ಪೀಠದಲ್ಲಿ ಕೂತವರು ಎಸ್. ನಿಜಲಿಂಗಪ್ಪನವರು. ಯಾವ ಮನೆಯನ್ನು ಹನುಮಂತಯ್ಯನವರು ಕಟ್ಟಿಸಿದರೋ, ಯಾವ ರಾಜ್ಯಕ್ಕಾಗಿ ಮಾತಾಡಿದರೋ, ಆ ಮನೆಯಲ್ಲಿ ಕೂತು ಆ ರಾಜ್ಯವನ್ನು ಆಳುವ ಭಾಗ್ಯವು ಅವರದಾಗಲಿಲ್ಲ.

ಇದನ್ನು ಓದುವಾಗ ನನಗೆ ಮೋಶೆಯ ನೆನಪಾಗುತ್ತದೆ. ಅವನು ನಾಲ್ವತ್ತು ವರುಷ ಜನರನ್ನು ಅಡವಿಯಲ್ಲಿ ನಡಿಸಿ, ಅವರ ಗುಣುಗುಟ್ಟುವಿಕೆಯನ್ನು ಸಹಿಸಿ, ಕಡೆಗೆ ನೆಬೋ ಬೆಟ್ಟದ ಮೇಲೆ ನಿಂತು ವಾಗ್ದಾನದ ದೇಶವನ್ನು ಕಣ್ಣಿನಿಂದ ನೋಡಿದನು, ಕಾಲನ್ನು ಇಡಲಿಲ್ಲ. ಯೊರ್ದನನ್ನು ದಾಟಿಸಿದವನು ಯೆಹೋಶುವನು. ಆದರೂ ಮೋಶೆಯು ದೇವರ ಸೇವಕನೆಂಬ ಹೆಸರನ್ನು ಕಳಕೊಳ್ಳಲಿಲ್ಲ. ದೇವರ ಕೆಲಸವೆಂದು ನಂಬಿ ಮಾಡಿದವನು ಕೆಲಸವು ಮುಂದುವರಿದರೆ ಸಾಕೆನ್ನುತ್ತಾನೆ. ತನ್ನ ಕೆಲಸವೆಂದು ಮಾಡಿದವನು ತಾನೇ ಮುಂದುವರಿಯಬೇಕೆನ್ನುತ್ತಾನೆ.

ಲಿಂಕನ್ನರ ಅಂತ್ಯವೂ ಹೀಗೆಯೇ. ಅವರ ದೇಶವು ಎರಡಾಗಿ ಒಡೆದು ಅಣ್ಣತಮ್ಮಂದಿರು ಕಾದಾಡಿದಾಗ ಅದನ್ನು ಒಂದಾಗಿ ಉಳಿಸಲು ಅವರು ನಾಲ್ಕು ವರುಷ ಪ್ರಯಾಸಪಟ್ಟರು. ಸಂತೆಯಲ್ಲಿ ದನಗಳಂತೆ ಮಾರಲ್ಪಡುತ್ತಿದ್ದ ಕಪ್ಪು ಜನರ ಬಿಡುಗಡೆಯ ಪ್ರಕಟನೆಗೆ 1863ನೆಯ ಇಸವಿ ಜನವರಿ 1ರಂದು ರುಜು ಹಾಕಿದರು. ಹುಟ್ಟಿನ ಕಾರಣದಿಂದ ತುಳಿಯಲ್ಪಟ್ಟವರ ಸಂಕಟವು ಎಂಥದ್ದೆಂದು ನಮ್ಮ ಸಭೆಗಳಲ್ಲಿ ಅನೇಕರಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಯುದ್ಧವು ಮುಗಿಯುತ್ತಾ ಬಂದಾಗ, 1865ನೆಯ ಇಸವಿ ಏಪ್ರಿಲ್ 14ರಂದು, ಶುಭ ಶುಕ್ರವಾರದ ರಾತ್ರಿ, ಅವರು ಗುಂಡಿನ ಏಟನ್ನು ತಿಂದು ಮರುದಿನ ಬೆಳಿಗ್ಗೆ ತೀರಿಕೊಂಡರು. ಅವರು ಯಾವ ಸಭೆಯಲ್ಲಿಯೂ ಹೆಸರನ್ನು ಬರೆಯಿಸಿಕೊಂಡವರಲ್ಲವೆಂಬುದನ್ನೂ ನಾವು ನೆನಸಬೇಕು. ನ್ಯಾಯತೀರ್ಪು ಕರ್ತನದು, ಹೊರಗಿನವರ ಕೈಯಿಂದ ಇಂಥ ಕೆಲಸಗಳಾಗಿರುವಲ್ಲಿ, ಒಳಗಿನವರಾದ ನಾವು ಏನು ಮಾಡಿದ್ದೇವೆಂಬುದೇ ನಮ್ಮ ಪ್ರಶ್ನೆಯಾಗಿರಲಿ.

ಹನುಮಂತಯ್ಯನವರು ಪೀಠವನ್ನು ಕಳಕೊಂಡ ಮೇಲೆ ಮೂಲೆಯಲ್ಲಿ ಕೂತುಕೊಳ್ಳಲಿಲ್ಲ. 1962ರಲ್ಲಿ ಲೋಕಸಭೆಗೆ ಆರಿಸಲ್ಪಟ್ಟರು. ದೇಶದ ಆಡಳಿತವನ್ನು ತಿದ್ದುವ ಆಯೋಗಕ್ಕೆ ಅಧ್ಯಕ್ಷರಾಗಿ, ಕಚೇರಿಗಳ ಕೆಲಸವು ಹೇಗೆ ನೆಟ್ಟಗಾಗಬೇಕೆಂಬ ವರದಿಗಳನ್ನು ಸಲ್ಲಿಸಿದರು. ತರುವಾಯ ಕೇಂದ್ರದಲ್ಲಿ ರೈಲ್ವೆ ಮಂತ್ರಿಗಳೂ ಆದರು. 1980ನೆಯ ಇಸವಿ ಡಿಸೆಂಬರ್ 1ರಂದು ತೀರಿಕೊಂಡರು. ಕಲ್ಲಿನ ಮೇಲೆ ಬರೆಯಿಸಿದ ಮಾತನ್ನು ಕಾಗದದ ಮೇಲೆಯೂ ನಡಿಸುವದಕ್ಕೆ ಅವರು ಪ್ರಯತ್ನಪಟ್ಟರೆಂದು ಹೇಳಬಹುದು.

ಈಗ ಇದನ್ನು ನಮಗೆ ಅನ್ವಯಿಸಿಕೊಳ್ಳೋಣ.

ನಮ್ಮಲ್ಲಿ ಮುಖ್ಯಮಂತ್ರಿಗಳು ಯಾರೂ ಇಲ್ಲ. ಆದರೆ ಪಂಚಾಯಿತಿಯ ಸದಸ್ಯರು ಇದ್ದಾರೆ. ಶಾಲೆಯ ಉಪಾಧ್ಯಾಯರೂ, ಅಂಗನವಾಡಿಯ ಅಮ್ಮಂದಿರೂ, ನೀರು ಬಿಡುವವರೂ, ಹಾಲಿನ ಡೇರಿಯಲ್ಲಿ ಅಳೆದು ಬರೆಯುವವರೂ, ಮಹಿಳೆಯರ ಸಂಘದ ಹಣವನ್ನು ಇಟ್ಟುಕೊಳ್ಳುವವರೂ ಇದ್ದಾರೆ. ಸಹೋದರನೇ, ನಿನ್ನ ಕೈಯಲ್ಲಿರುವ ಅಳತೆಯ ಪಾತ್ರೆಯು ಚಿಕ್ಕದಾದರೂ ಅದು ದೇವರ ಕೆಲಸದ ಪಾತ್ರೆ. ಸಹೋದರಿಯೇ, ಮಕ್ಕಳ ಪಾಲಿನ ಬೇಳೆಯಲ್ಲಿ ಒಂದು ಹಿಡಿ ಕಡಿಮೆಯಾದರೆ ಯಾರೂ ಕೇಳದೆ ಇರಬಹುದು. ಆದರೆ ಸಮುವೇಲನ ದೇವರು ಕೇಳುವನು. ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರು ಬಂದು ನಾವೇನು ಮಾಡಬೇಕೆಂದು ಕೇಳಿದಾಗ, ಕೆಲಸವನ್ನು ಬಿಟ್ಟು ಅಡವಿಗೆ ಬನ್ನಿರೆಂದು ಅವನು ಹೇಳಲಿಲ್ಲ. ನೇಮಿಸಿದ್ದಕ್ಕಿಂತ ಹೆಚ್ಚಾಗಿ ತಕ್ಕೊಳ್ಳಬೇಡಿರಿ ಎಂದಷ್ಟೇ ಬುದ್ಧಿ ಹೇಳಿದನು.

ರೇಷ್ಮೆಹುಳು ಸಾಕುವವರು ಇದನ್ನು ಚೆನ್ನಾಗಿ ತಿಳುಕೊಳ್ಳುವಿರಿ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳಿಗೆ ರಾತ್ರಿಯ ಹೊತ್ತು ಸೊಪ್ಪು ಹಾಕಿದಿರೋ ಬಿಟ್ಟಿರೋ, ನೋಡುವವರು ಯಾರೂ ಇಲ್ಲ. ಆದರೆ ಹುಳು ಹಣ್ಣಾಗಿ ಚಂದ್ರಿಕೆಗೆ ಏರಿ ಗೂಡು ಕಟ್ಟಿದಾಗ, ಆ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಎಲ್ಲವನ್ನೂ ಹೇಳಿಬಿಡುತ್ತದೆ. ಚನ್ನಪಟ್ಟಣದ ಬೊಂಬೆ ಕೆಲಸದವರೂ ಬಲ್ಲಿರಿ: ಹುಳ ಹಿಡಿದ ಮರದ ಮೇಲೆ ಅರಗಿನ ಬಣ್ಣವನ್ನು ಎಷ್ಟು ಹೊಳೆಯುವಂತೆ ಹಚ್ಚಿದರೂ ಒಂದು ದಿನ ಅದು ಒಡೆಯುತ್ತದೆ. ಮರೆಯಲ್ಲಿ ಮಾಡಿದ್ದು ಬೆಳಕಿಗೆ ಬಾರದೆ ಇರದು.

ತಕ್ಕೊಳ್ಳುವವನಿಗೆ ಹೇಳಿದ್ದು ಕೊಡುವವನಿಗೂ ಸಲ್ಲುತ್ತದೆ. ಚುನಾವಣೆಯ ಹಿಂದಿನ ರಾತ್ರಿ ಮನೆಯ ಬಾಗಲಿಗೆ ಬರುವ ನೋಟಿಗಾಗಲಿ ಸೀರೆಗಾಗಲಿ ಕೈಚಾಚಿದವನು, ಮರುದಿನ ಅಧಿಕಾರಿಯ ಲಂಚವನ್ನು ಯಾವ ಬಾಯಿಂದ ದೂರಬಲ್ಲನು? ನಿನ್ನ ವೋಟು ಸಹ ಸರ್ಕಾರದ ಕೆಲಸವೇ. ಆದಕಾರಣ ಅದು ದೇವರ ಕೆಲಸ. ಏಸಾವನು ಒಂದು ಊಟಕ್ಕೆ ತನ್ನ ಚೊಚ್ಚಲತನವನ್ನು ಮಾರಿದನು. ಅವನು ಆಮೇಲೆ ಅತ್ತದ್ದನ್ನು ನೀವು ಓದಿದ್ದೀರಿ.

ಕಡೆಯದಾಗಿ, ಪ್ರಿಯರೇ, ಈ ಮಾತನ್ನು ಮರೆಯಬೇಡಿರಿ. ಕಲ್ಲಿನ ಮೇಲಿನ ಬರಹವು ಎಷ್ಟು ಒಳ್ಳೆಯದಾದರೂ ಅದು ಮನುಷ್ಯನನ್ನು ಬದಲಾಯಿಸಲಾರದು. ಸೀನಾಯಿ ಬೆಟ್ಟದಲ್ಲಿ ದೇವರು ತಾನೇ ಕಲ್ಲಿನ ಹಲಗೆಗಳ ಮೇಲೆ ಬರೆದುಕೊಟ್ಟನು. ಬೆಟ್ಟದ ಕೆಳಗೆ ಜನರು ಬಂಗಾರದ ಬಸವನನ್ನು ಎರಕ ಹೊಯ್ಯುತ್ತಿದ್ದರು. ವಿಧಾನಸೌಧದ ಗೋಡೆಯ ಮೇಲೆ ಆ ವಾಕ್ಯವು ಇಷ್ಟು ವರುಷಗಳಿಂದ ನಿಂತಿದೆ. ಅದರ ಕೆಳಗೆ ನಡೆದವರೆಲ್ಲರೂ ಅದರಂತೆ ನಡೆಯಲಿಲ್ಲ. ನನ್ನ ಪೆಟ್ಟಿಗೆಯೊಳಗೆ ಸತ್ಯವೇದವೂ ಇತ್ತು, ಬರೆಯದ ಲೆಕ್ಕವೂ ಇತ್ತು. ಹಾಗಾದರೆ ಏನು ಬೇಕು? ಜೀವಸ್ವರೂಪನಾದ ದೇವರ ಆತ್ಮನು ಹೃದಯದ ಹಲಗೆಯ ಮೇಲೆ ಬರೆಯಬೇಕೆಂದು ಪೌಲನು ಕೊರಿಂಥದವರಿಗೆ ತಿಳಿಸಿದನು. ಆ ಬರಹವನ್ನು ಮಸಿಯಿಂದಾಗಲಿ ಉಳಿಯಿಂದಾಗಲಿ ಬರೆಯಲಾಗದು; ನಮ್ಮ ಸಾಲವನ್ನು ಶಿಲುಬೆಯ ಮೇಲೆ ತೀರಿಸಿದ ಕ್ರಿಸ್ತನ ಕೃಪೆಯಿಂದ ಮಾತ್ರವೇ ಅದು ಬರೆಯಲ್ಪಡುತ್ತದೆ. ಆತನು ಎಲ್ಲಕ್ಕೂ ಒಡೆಯನಾಗಿದ್ದು ಆಳಿನ ರೂಪವನ್ನು ಧರಿಸಿಕೊಂಡು, ಸೊಂಟಕ್ಕೆ ಬಟ್ಟೆ ಕಟ್ಟಿ ಶಿಷ್ಯರ ಕಾಲುಗಳನ್ನು ತೊಳೆದನು. ಅಧಿಕಾರವೆಂದರೇನೆಂದು ತಿಳಿಯಬೇಕಾದವನು ಆ ನೀರಿನ ಬೋಗುಣಿಯ ಬಳಿಗೆ ಬರಲಿ.

ಅರಸರಿಗಾಗಿಯೂ ಎಲ್ಲಾ ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಬೇಕೆಂದು ಅಪೊಸ್ತಲನು ತಿಮೊಥೆಯನಿಗೆ ಅಪ್ಪಣೆಕೊಟ್ಟಿದ್ದಾನೆ. ಮುಂದಿನ ಭಾನುವಾರ ಪ್ರತಿಯೊಂದು ಸಭೆಯಲ್ಲಿ ನಮ್ಮ ಹಳ್ಳಿಯ, ತಾಲೂಕಿನ, ರಾಜ್ಯದ ಅಧಿಕಾರಿಗಳಿಗಾಗಿ ಪ್ರಾರ್ಥಿಸಿರಿ. ಹಾಗೆ ಪ್ರಾರ್ಥಿಸುವದಕ್ಕೆ ಮುಂಚೆ ಸಭೆಯ ಲೆಕ್ಕವನ್ನು ಓದಿ ಹೇಳಿರಿ.

ಪ್ರಾರ್ಥನೆ: ಪರಲೋಕ ಭೂಲೋಕಗಳ ಒಡೆಯನೇ, ಸಕಲ ಅಧಿಕಾರವು ನಿನ್ನಿಂದಲೇ ಬರುತ್ತದೆ. ನಮ್ಮನ್ನು ಆಳುವವರಿಗೆ ನಿನ್ನ ಭಯವನ್ನೂ ಬಡವರ ಮೇಲೆ ಕನಿಕರವನ್ನೂ ದಯಪಾಲಿಸು. ನಮ್ಮ ಕೈಗೆ ನೀನು ಒಪ್ಪಿಸಿರುವ ಚಿಕ್ಕ ಕೆಲಸಗ��ಲ್ಲಿ ನಮ್ಮನ್ನು ನಂಬಿಗಸ್ತರನ್ನಾಗಿ ಮಾಡು. ನಾವು ಬರೆಯದೆ ಬಿಟ್ಟ ಲೆಕ್ಕಗಳನ್ನು ಕ್ಷಮಿಸು. ಬರೆಯುವದಕ್ಕೆ ಧೈರ್ಯವನ್ನು ಕೊಡು. ನಿನ್ನ ಆತ್ಮನಿಂದ ನಮ್ಮ ಹೃದಯದ ಹಲಗೆಗಳ ಮೇಲೆ ನಿನ್ನ ಚಿತ್ತವನ್ನು ಬರೆ. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.